ಕಿವಿಯಲ್ಲಿ ಹಿಡಿಸೂಡಿ ಕಡ್ಡಿ

ಅವರ ಎರಡೂ ಕಿವಿಗಳಲ್ಲಿ ಹಿಡಿಸೂಡಿಯ ಕಡ್ಡಿ ಇರುತ್ತಿತ್ತು. ತೆಂಗಿನ ಗರಿಯ ಪೊರಕೆಗೆ ನಮ್ಮ ಮಂಗಳೂರಿನ ಕಡೆ ಹಿಡಿಸೂಡಿ ಎನ್ನುತ್ತಾರೆ. ಅದರಿಂದ ಒಂದು ಕಡ್ಡಿ ಎಳೆದು, ಉಗುರಿನಷ್ಟು ಉದ್ದಕ್ಕೆ ಮುರಿದು, ಆ ಚೂರುಗಳನ್ನು ಒಟ್ಟಿಗೆ ಹಿಡಿದು ಕಿವಿಯ ತೂತಿಗೆ ತುರುಕಿಕೊಳ್ಳುತ್ತಿದ್ದರು. ಸ್ನಾನ ಮಾಡಿ ಬಂದಾಗ ಕಡ್ಡಿ ತೆಗೆದಿದ್ದರೆ ಆ ತೂತಿನ ಮೂಲಕ ಅವರ ಕತ್ತಿನ ಚರ್ಮ ಕಾಣುತ್ತಿತ್ತು. ಮೈಮೇಲೆ ಒಂದು ಗುಂಜಿ ಬಂಗಾರವಿಲ್ಲದ ಹೆಂಗಸು ಕಿವಿಯ ತೂತನ್ನು ಮಾತ್ರ ಅಷ್ಟು ಜತನದಿಂದ ಕಾಪಾಡಿಕೊಳ್ಳುವುದನ್ನು ಕಂಡು ನಾವು ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದೆವು. ಮುಂದೆ ನಗುವ ಧೈರ್ಯ ಯಾರಿಗಿತ್ತು?

ಅವರು ನಾನು ಓದಿದ ಹೆಣ್ಣುಮಕ್ಕಳ ಬೋರ್ಡಿಂಗಿನ ಮೇಟ್ರನ್. ನಾವು ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದು. ಬೋರ್ಡಿಂಗ್ ಮಿಶನ್ನಿನದ್ದು, ಗುಡ್ಡದ ಮೇಲಿತ್ತು. ಅಂಗಳದ ಕೊನೆಯಲ್ಲಿ ನಿಂತರೆ ಹಂಚಿನ ಕಾರ್ಖಾನೆಗಳ ಹೊಗೆಗೂಡು, ಅದರಾಚೆ ಹೊಳೆ, ಹೊಳೆಯಾಚೆ ಬೆಂಗ್ರೆಯ ಮರಳು, ಅಲ್ಲಿ ಒಣಹಾಕಿದ ಬಲೆ ಎಲ್ಲ ಕಾಣುತ್ತಿತ್ತು. ಕಾಣುವುದಕ್ಕೆ ಮಾತ್ರ. ಅಂಗಳದ ಸುತ್ತ ಕೆಂಪು ಮುರಕಲ್ಲಿನ ಗೋಡೆ, ಗೋಡೆಗೆ ಒಂದೇ ಗೇಟು, ಗೇಟಿನ ಬೀಗದ ಕೈ ದೊಡ್ಡಕ್ಕನ ಸೊಂಟದಲ್ಲಿ.

ನಾನು ಅಲ್ಲಿಗೆ ಬಂದದ್ದು ಅಮ್ಮ ತೀರಿಕೊಂಡ ಮೇಲೆ. ಅಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ನಮ್ಮಲ್ಲಿ ಅಳಿಯಕಟ್ಟು. ಮಕ್ಕಳು ಅಪ್ಪನ ಮನೆಗಲ್ಲ, ಅಮ್ಮನ ಮನೆಗೆ ಸೇರಿದವರು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಮಾತ್ರ ಅವಳ ಅಣ್ಣನದ್ದು. ವಾಮಂಜೂರಿನ ಗದ್ದೆಯ ನಡುವಿನ ನಮ್ಮ ಮನೆಗೆ ಅಮ್ಮನ ಅಣ್ಣ, ನನ್ನ ಮಾವ, ಯಜಮಾನರು. ಅಮ್ಮ ಹೋದ ಮೇಲೆ ಆ ಮನೆಯ ಸಂತಾನಕ್ಕೆ ಉಳಿದ ಹೆಣ್ಣು ನಾನೊಬ್ಬಳೇ. ಊರಿನವರು ನನ್ನನ್ನು ನೋಡಿದರೆ, "ಇವಳಿಂದಲೇ ಅಲ್ವಾ ಇನ್ನು ಆ ಮನೆಯಲ್ಲಿ ದೀಪ ಉರಿಯುವುದು" ಎನ್ನುತ್ತಿದ್ದರು. ಇಷ್ಟು ದೊಡ್ಡ ಮಾತು ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು. ದೀಪದ ಕಂಬ ಇಟ್ಟಲ್ಲೇ ಇರಬೇಕಾಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಓದಿಸಬೇಕೆಂಬ ಆಸೆ ಅಪ್ಪನದ್ದು. ಆದರೆ ಅಪ್ಪನಿಗೆ ಹಕ್ಕೆಲ್ಲಿ? ಮಾವನ ಮುಂದೆ ನಿಂತು, ಹೆಗಲ ಮೇಲಿನ ಶಾಲು ಕೈಗೆ ತೆಗೆದುಕೊಂಡು ಕೇಳಿದರು. ಮಾವ ಎಲೆಯಡಿಕೆ ಜಗಿದು ಮುಗಿಸಿ, "ದೊಡ್ಡವಳಾಗುವವರೆಗೆ ಓದಲಿ. ಮತ್ತೆ ನನ್ನ ಮಗನಿಗೆ ಮಾಡಿಕೊಂಡು ಮನೆಯಲ್ಲೇ ಇಟ್ಟುಕೊಳ್ಳುದು. ಕಟ್ಟು ಅಂದ್ರೆ ಕಟ್ಟು" ಎಂದರು. ನನ್ನ ಓದಿಗೆ ಸಿಕ್ಕ ಅವಧಿ ಅದು. ಎಷ್ಟು ವರ್ಷವೆಂದು ನನ್ನ ದೇಹ ಹೇಳಬೇಕಿತ್ತು.

ಬೋರ್ಡಿಂಗಿಗೆ ಕಾಲಿಟ್ಟ ದಿನವೇ ದೊಡ್ಡಕ್ಕ ನನ್ನ ಕಿವಿಯ ಓಲೆ, ಕೈಯ ಬಳೆ, ತಲೆಯ ಮಲ್ಲಿಗೆ ಎಲ್ಲ ತೆಗೆಸಿದರು. ಮಲ್ಲಿಗೆ ಬಾವಿಕಟ್ಟೆಯ ಆಚೆ ಬಿತ್ತು. ಓಲೆ, ಬಳೆಗಳನ್ನು ಅಪ್ಪನ ಕೈಯಲ್ಲಿಟ್ಟು, "ಇಲ್ಲಿ ಇದೆಲ್ಲ ಇಲ್ಲ. ಕ್ರಮ ಅಂದ್ರೆ ಕ್ರಮ" ಎಂದರು. ಒಂದು ಕಡೆ ಕಟ್ಟು, ಇನ್ನೊಂದು ಕಡೆ ಕ್ರಮ. ನಡುವೆ ಅಪ್ಪ ಗೇಟಿನಾಚೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ದೊಡ್ಡಕ್ಕ ನನ್ನನ್ನು ಅಡುಗೆಮನೆಯ ಹಿಂದೆ ಕರೆದು, ಹಿಡಿಸೂಡಿಯಿಂದ ಕಡ್ಡಿ ಮುರಿದು ನನ್ನ ಕಿವಿಗೂ ತುರುಕಿದರು. ನೋವಾಯಿತು. "ಅಳ್ಬೇಡ. ತೂತು ಮುಚ್ಚಲಿಕ್ಕೆ ಬಿಡಬಾರ್ದು" ಎಂದರು. ಯಾಕೆಂದು ಕೇಳಿದೆ. "ಮುಚ್ಚಿದ್ರೆ ಮತ್ತೆ ಚುಚ್ಚುವವರು ಯಾರು? ನಿನ್ನ ಅಮ್ಮ ಉಂಟಾ?" ಅಮ್ಮ ಸತ್ತು ತಿಂಗಳು ಕಳೆದಿರಲಿಲ್ಲ. ಹೀಗೆ ಕೇಳುವವರ ಮೇಲೆ ಯಾರಿಗೆ ಪ್ರೀತಿ ಹುಟ್ಟೀತು?

ಮಕ್ಕಳು ಏಳುವ ಮೊದಲೇ ಎದ್ದು ಕುಚ್ಚಲಕ್ಕಿ ಗಂಜಿಗೆ ನೀರಿಡುವುದು, ಸೌಟಿನಲ್ಲೇ ಬಡಿಸುವುದು, ಸೌಟಿನಲ್ಲೇ ಹೊಡೆಯುವುದು ಅವರ ದಿನಚರಿ. ಸಾಲಿನಲ್ಲಿ ಮಾತಾಡಿದರೆ ಬೆರಳ ಗೆಣ್ಣಿಗೆ ಏಟು, ಬಟ್ಟಲಲ್ಲಿ ಅನ್ನ ಬಿಟ್ಟರೆ ಏಟು, ಸುಳ್ಳು ಹೇಳಿದರೆ ಏಟಿನ ಜೊತೆ ಮಧ್ಯಾಹ್ನದ ಊಟವೂ ಇಲ್ಲ. ಗುಡ್ಡದ ಮೇಲಿನ ಬಂಗಲೆಯ ದೊರೆಸಾನಿ ವಾರಕ್ಕೊಮ್ಮೆ ಬಂದು ನೆಲಕ್ಕೆ ಬೆರಳು ಒತ್ತಿ ಧೂಳು ನೋಡುತ್ತಿದ್ದಳು. ಆಗ ಮಾತ್ರ ನಮ್ಮ ಹುಲಿ ಬೆಕ್ಕಾಗಿ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಅದನ್ನು ನೋಡಿ ನಮಗೆ ಒಳಗೊಳಗೇ ಖುಷಿ.

ಅವರ ಕತೆ ನನಗೆ ತಿಳಿದದ್ದು ನಿಧಾನವಾಗಿ, ತೆಂಗಿನಕಾಯಿ ತುರಿಯುವಾಗ ಒಂದು ಮಾತು, ಅಕ್ಕಿ ಆರಿಸುವಾಗ ಒಂದು ಮಾತು ಎಂಬಂತೆ. ಯಾವುದೋ ಜ್ವರದ ವರ್ಷ ಮನೆಯವರೆಲ್ಲ ಸತ್ತು, ಕಿವಿಯಲ್ಲಿ ತಾಳೆಗರಿಯ ಸುರುಳಿ ಇದ್ದ ಮಗುವೊಂದನ್ನು ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿಸಿ ಮಿಶನ್ನಿನವರ ಕೈಗೆ ಕೊಟ್ಟಿದ್ದರಂತೆ. ಆಗಿನ ದೊರೆಸಾನಿ ಮೊದಲು ಮಾಡಿದ ಕೆಲಸ, ಆ ಸುರುಳಿ ತೆಗೆದು ಒಲೆಗೆ ಹಾಕಿದ್ದು. "ತೂತು ತನ್ನಷ್ಟಕ್ಕೆ ಮುಚ್ಚಿಕೊಳ್ತದೆ ಅಂತ ಹೇಳಿದ್ರು. ನಾನು ಬಿಡ್ಲಿಲ್ಲ" ಎಂದು ದೊಡ್ಡಕ್ಕ ಒಮ್ಮೆ ನಕ್ಕಿದ್ದರು. ಓದಿನಲ್ಲಿ ಚುರುಕಿದ್ದರಂತೆ. ನಾಲ್ಕನೆಯ ತರಗತಿ ಮುಗಿಯುವಾಗ ಅಡುಗೆಮನೆಗೆ ಕೈ ಸಾಲದೆ ಅವರನ್ನು ಒಳಗೆ ಕರೆದರು. ಒಂದು ವರ್ಷದ ಮಟ್ಟಿಗೆ ಎಂದು ಕರೆದದ್ದು. ಮುಂದೆ ನೇಯ್ಗೆ ಕಾರ್ಖಾನೆಯ ಗಂಡಸರಿಗೆ ಹೆಣ್ಣು ತೋರಿಸುವಾಗ ಇವರನ್ನೂ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಇವರು ಒಪ್ಪಲಿಲ್ಲ. "ಒಬ್ಬನ ಬಾಯಿ ರುಚಿ ನೋಡುದಕ್ಕಿಂತ ನಲ್ವತ್ತು ಮಕ್ಕಳಿಗೆ ಗಂಜಿ ಬೇಯಿಸುದು ಸುಲಭ ಮಾರಾಯ್ತಿ" ಎನ್ನುತ್ತಿದ್ದರು. ಒಪ್ಪದವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಬದುಕಿಸಿದ ಗೋಡೆಯ ಒಳಗೇ ಮುದುಕಿಯಾದರು.

ಬೋರ್ಡಿಂಗಿನ ಒಂದು ಕ್ರಮದ ಬಗ್ಗೆ ಹೇಳಲೇಬೇಕು. ಹುಡುಗಿಯೊಬ್ಬಳು ದೊಡ್ಡವಳಾದರೆ ಅದೇ ದಿನ ಅವಳ ಮನೆಗೆ ಹೇಳಿ ಕಳಿಸಬೇಕು. ಹಾಗೆ ಮಾಡುತ್ತೇವೆಂದು ಮಾತು ಕೊಟ್ಟದ್ದಕ್ಕೇ ನಮ್ಮಂಥ ಮನೆಯವರು ಹೆಣ್ಣುಮಕ್ಕಳನ್ನು ಮಿಶನ್ನಿಗೆ ಬಿಡುತ್ತಿದ್ದದ್ದು. ಹೇಳಿ ಕಳಿಸುವ ಕೆಲಸ ದೊಡ್ಡಕ್ಕನದ್ದು. ಬಟ್ಟೆ ಒಗೆಯುವ ಕಲ್ಲು ಅವರ ಕಣ್ಣಳತೆಯಲ್ಲೇ ಇತ್ತು. ಅವರಿಗೆ ಗೊತ್ತಾಗದಂತೆ ಅಲ್ಲಿ ಏನೂ ಆಗುವಂತಿರಲಿಲ್ಲ. ಸುದ್ದಿ ಮುಟ್ಟಿದರೆ ಮನೆಯ ಹೆಂಗಸರು ಹೊಸ ಸೀರೆ ಹಿಡಿದು ಬಂದು ಕರೆದೊಯ್ಯುತ್ತಿದ್ದರು. ಅಲ್ಲಿ ಶುದ್ಧಕ್ಕೆಂದು ನೀರು ಹಾಕಿ, ಶೃಂಗಾರ ಮಾಡಿ, ಊರಿಗೆಲ್ಲ ಊಟ ಹಾಕಿ ಸಂಭ್ರಮ. ಹಾಗೆ ಹೋದವರು ತಿರುಗಿ ಬರುತ್ತಿರಲಿಲ್ಲ.

ನನ್ನ ಪಕ್ಕದ ಚಾಪೆಯ ದೇವಕಿ ಹಾಗೆ ಹೋದಳು. ಲೆಕ್ಕದಲ್ಲಿ ನಮಗೆಲ್ಲರಿಗಿಂತ ಮುಂದಿದ್ದವಳು. ಅತ್ತು ಕರೆದು ಜಗಲಿಯ ಕಂಬ ತಬ್ಬಿಕೊಂಡಳು. ದೊಡ್ಡಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕರೆದೊಯ್ಯಲು ಬಂದಿದ್ದ ಅತ್ತೆಯ ಕೈಗೆ ಕೊಟ್ಟರು. "ಕ್ರಮ ಅಂದ್ರೆ ಕ್ರಮ." ಮರುವರ್ಷ ದೇವಕಿ ಒಂದು ಬುಟ್ಟಿ ಬಸಳೆ ಹೊತ್ತು ಗೇಟಿನ ಬಳಿ ಬಂದಳು. ಹೊಟ್ಟೆ ಮುಂದೆ ಬಂದಿತ್ತು, ಕಣ್ಣು ಒಳಗೆ ಹೋಗಿತ್ತು. ದೊಡ್ಡಕ್ಕ ಬಸಳೆಯನ್ನೆಲ್ಲ ಕೊಂಡು ಗಂಜಿ ಬಡಿಸಿದರು. ಕುಡಿದು ಮುಗಿಸಿದವಳು, "ದೊಡ್ಡಕ್ಕ, ಭಿನ್ನರಾಶಿ ಪಾಠ ಆಯ್ತಾ ಇವರಿಗೆ?" ಎಂದು ಕೇಳಿದಳು. ದೊಡ್ಡಕ್ಕ ಅವಳ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು. ಹೆರಿಗೆಯಲ್ಲಿ ದೇವಕಿ ಹೋದಳೆಂಬ ಸುದ್ದಿ ಆಮೇಲೆ ಬಂತು. ಆ ದಿನ ಗಂಜಿ ಸೀದುಹೋಯಿತು, ಅಷ್ಟೆ.

ಅದಾಗಿ ಸ್ವಲ್ಪ ಕಾಲಕ್ಕೆ ನನ್ನ ಸರದಿ ಬಂತು. ಬೆಳಗ್ಗೆ ಬಾವಿಕಟ್ಟೆಯಲ್ಲಿ ಗೊತ್ತಾಯಿತು. ಎಂಟನೆಯ ಪರೀಕ್ಷೆಗೆ ಇನ್ನೂ ಎರಡು ವರ್ಷವಿತ್ತು. ಅದರಲ್ಲಿ ಪಾಸಾದರೆ ಟ್ರೈನಿಂಗಿಗೆ ಸೇರಿ ಟೀಚರ್ ಆಗಬಹುದು ಎಂದು ನಾನು ಮತ್ತು ಅಪ್ಪ ಆದಿತ್ಯವಾರಗಳಲ್ಲಿ ಗೇಟಿನ ಸರಳುಗಳ ನಡುವೆ ಮಾತಾಡಿಕೊಳ್ಳುತ್ತಿದ್ದೆವು. ಎಲ್ಲ ಮುಗಿಯಿತೆಂದುಕೊಂಡು ದೊಡ್ಡಕ್ಕನ ಮುಂದೆ ನಿಂತೆ. ಅವರು ನನ್ನ ಮುಖ ನೋಡಿದರು, ಬಾವಿಕಟ್ಟೆ ನೋಡಿದರು.

"ಯಾರತ್ರ ಹೇಳಿದ್ದಿ?"

"ಯಾರತ್ರವೂ ಇಲ್ಲ."

"ಹೇಳ್ಬೇಡ." ಅಷ್ಟು ಹೇಳಿ, ಅಂಗಳಕ್ಕೆ ಕೇಳುವಂತೆ ಒಮ್ಮೆಲೇ ಸ್ವರ ಏರಿಸಿದರು. "ಬೆಲ್ಲ ಕದ್ದು ಇಲ್ಲ ಅಂತ ಹೇಳ್ತೀಯಾ? ಇವತ್ತಿನಿಂದ ನೀನು ಎಲ್ಲರ ಒಟ್ಟಿಗೆ ಮಲಗಲಿಕ್ಕಿಲ್ಲ. ಸೌದೆ ಕೋಣೆಯಲ್ಲಿ ಬಿದ್ದಿರು. ಪಾತ್ರೆ ಎಲ್ಲ ನೀನೇ ತೊಳಿ!"

ನಾನು ಬೆಲ್ಲ ಕದ್ದಿರಲಿಲ್ಲ. ಅಂದಿನಿಂದ ಕಳ್ಳಿಯಾದೆ. ಹುಡುಗಿಯರು ನನಗೆ ಮುಸುರೆ ಎಂದು ಹೆಸರಿಟ್ಟರು. ಕ್ಲಾಸು ಬಿಟ್ಟರೆ ಪಾತ್ರೆ, ಪಾತ್ರೆ ಬಿಟ್ಟರೆ ಸೌದೆ ಕೋಣೆ. ಅಡುಗೆಮನೆಗೆ ಅಂಟಿದ ಆ ಕೋಣೆಗೆ ಕಿಟಕಿಯಿರಲಿಲ್ಲ. ನನ್ನ ಬಟ್ಟೆಯನ್ನು ದೊಡ್ಡಕ್ಕ ತಾವೇ ಒಗೆದು ಒಲೆಯ ಹಿಂದಿನ ಬಿಸಿಗೆ ಒಣಗಿಸುತ್ತಿದ್ದರು. ರಜೆಯಲ್ಲಿ ಎಲ್ಲರೂ ಮನೆಗೆ ಹೋದರೆ ನನಗೆ ಹೋಗುವಂತಿರಲಿಲ್ಲ, ಮನೆಯ ಹೆಂಗಸರ ಕಣ್ಣು ತಪ್ಪಿಸುವುದು ಸಾಧ್ಯವೇ? "ಶಿಕ್ಷೆಯಲ್ಲಿದ್ದಾಳೆ, ರಜೆ ಇಲ್ಲ" ಎಂದು ಹೇಳಿ ಕಳಿಸುತ್ತಿದ್ದರು. ನನ್ನನ್ನು ಉಳಿಸಲಿಕ್ಕೆ ಬಂದ ಕೈ ನನ್ನ ಕತ್ತನ್ನೇ ಹಿಡಿದಿತ್ತು. ಗುಟ್ಟು ಅವರಲ್ಲಿದ್ದ ಕಾರಣ ಎದುರು ಮಾತಾಡುವಂತಿಲ್ಲ. ಅವರು ಹೇಳಿದಷ್ಟು ತೊಳೆಯಬೇಕು, ಬೀಸಬೇಕು, ನೀರು ಸೇದಬೇಕು. ಅದೆಲ್ಲ ನನ್ನನ್ನು ಅಡಗಿಸಲು ಹೂಡಿದ ಆಟವೋ, ಅಥವಾ ಸಂಬಳವಿಲ್ಲದ ಆಳೊಂದು ಸಿಕ್ಕಿತೆಂಬ ಅನುಕೂಲವೋ, ಎರಡೂ ಸ್ವಲ್ಪ ಸ್ವಲ್ಪವೋ, ಇಂದಿಗೂ ನನಗೆ ಗೊತ್ತಿಲ್ಲ. ಅವರನ್ನೂ ಹೀಗೆಯೇ ಅಲ್ಲವೇ ಒಂದು ವರ್ಷಕ್ಕೆಂದು ಅಡುಗೆಮನೆಗೆ ಕರೆದದ್ದು! ಒಂದು ಮಾತ್ರ ನಿಜ. ಪಾತ್ರೆಯ ಕೆಲಸ ಎಷ್ಟೇ ಇರಲಿ, ಒಲೆಯ ಬೆಳಕಿನಲ್ಲಿ ನನ್ನನ್ನು ಕೂರಿಸಿ ಪಾಠ ಗಟ್ಟಿಯಾಗಿ ಓದಿಸುತ್ತಿದ್ದರು. ನಾಲ್ಕರಾಚೆಯ ಪಾಠ ಅವರಿಗೆ ಬಾರದು. ತಪ್ಪು ಓದಿದರೂ ಗೊತ್ತಾಗುತ್ತಿರಲಿಲ್ಲ. ಆದರೆ ಸ್ವರ ತಡವರಿಸಿದರೆ ಸೌಟು ಮೇಲೇಳುತ್ತಿತ್ತು.

ವರ್ಷ ಕಳೆದಾಗ ಮಾವನಿಗೆ ಅನುಮಾನ ಬಂತು. ನನ್ನ ಓರಗೆಯ ಹುಡುಗಿಯರಿಗೆಲ್ಲ ಮದುವೆಯಾಗಿತ್ತು. ಕೊಡೆ ಹಿಡಿದು ಬಂದು ಜಗಲಿಯಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಹುಡುಗಿ ಎಂತ, ಇನ್ನೂ ದೊಡ್ಡವಳಾಗ್ಲಿಲ್ವಾ?"

ಸುಳ್ಳಿಗೆ ಊಟ ಕಸಿಯುವ ದೊಡ್ಡಕ್ಕ ಏನು ಹೇಳುತ್ತಾರೆ?

"ಹಾಗೆಂತ ಆದ್ರೆ ಅದೇ ದಿನ ಮನೆಗೆ ಹೇಳಿ ಕಳಿಸುವ ಕ್ರಮ ಉಂಟು ನಮ್ಮಲ್ಲಿ, ಯಜಮಾನರೇ. ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು."

"ನಿಮಗೆ ಹೇಳಿ ಕಳಿಸಿದ್ದೇವಾ?"

"ಇಲ್ಲ."

"ಮತ್ತೆಂತ ಕೇಳುದು? ಬೆಲ್ಲ ನೀರು ಕುಡಿದು ಹೋಗಿ."

ಮಾವ ಬೆಲ್ಲ ನೀರು ಕುಡಿದು ಹೋದರು. ಅವರು ಕೆಟ್ಟವರಲ್ಲ. ಕ್ರಮದ ಮೇಲೆ ಅವರಿಗೆ ನಂಬಿಕೆಯಿತ್ತು. ಅದು ಯಾರ ಕ್ರಮವಾದರೂ ಸರಿ.

ಎರಡನೆಯ ಸಲ ಬಂದದ್ದು ಪರೀಕ್ಷೆ ಹತ್ತಿರವಿರುವಾಗ, ಎತ್ತಿನ ಗಾಡಿಯಲ್ಲಿ. ಗಾಡಿಯ ಗಂಟೆ ಗೇಟಿನಲ್ಲಿ ಕೇಳಿದ್ದೇ ದೊಡ್ಡಕ್ಕ ನನ್ನನ್ನು ಸೌದೆ ಕೋಣೆಗೆ ತಳ್ಳಿ ಚಿಲಕ ಹಾಕಿದರು. ಒಳಗಿನಿಂದ ಮಾವನ ಸ್ವರ ಸ್ಪಷ್ಟವಾಗಿ ಕೇಳಿತು. ಅದು ಯಜಮಾನರ ಸ್ವರವಾಗಿರಲಿಲ್ಲ.

"ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಇವತ್ತೋ ನಾಳೆಯೋ. ಪುಳ್ಳಿಯನ್ನು ಒಮ್ಮೆ ತೋರಿಸು ತೋರಿಸು ಅಂತ ಹೇಳ್ತಾ ಇದ್ದಾರೆ. ಒಂದು ದಿನಕ್ಕೆ ಕಳಿಸಿ ಅಕ್ಕ, ನಾನೇ ಹಿಂದೆ ತಂದು ಬಿಡ್ತೇನೆ."

ಪುಳ್ಳಿ ಎಂದರೆ ಮೊಮ್ಮಗಳು. ಅಜ್ಜಿ ನನ್ನನ್ನು ಎತ್ತಿ ಆಡಿಸಿದವರು. ಅಮ್ಮ ಹೋದ ದಿನ ನನ್ನನ್ನು ತಮ್ಮ ಸೆರಗಿನೊಳಗೆ ಹಾಕಿಕೊಂಡು ಕೂತವರು.

"ದೊರೆಸಾನಿಯವರ ಅಪ್ಪಣೆ ಇಲ್ಲದೆ ಕಳಿಸಲಿಕ್ಕಾಗ್ದು. ಅವರು ಘಟ್ಟದ ಮೇಲೆ ಹೋಗಿದ್ದಾರೆ" ಎಂದರು ದೊಡ್ಡಕ್ಕ. ಎಷ್ಟೋ ಹುಡುಗಿಯರನ್ನು ಅವರು ತಮ್ಮ ಮಾತಿನ ಮೇಲೆಯೇ ಕಳಿಸಿಕೊಟ್ಟದ್ದನ್ನು ನಾನು ಕಂಡಿದ್ದೆ. ಬಾಗಿಲಿಗೆ ಬಡಿದೆ. ಅಜ್ಜಿ ಎಂದು ಕೂಗಲು ಹೋದರೆ ಗಂಟಲಲ್ಲಿ ಸ್ವರವೇ ಬರಲಿಲ್ಲ. ಮತ್ತೆ ಬಡಿದೆ.

"ಒಳಗೆ ಎಂತ ಶಬ್ದ ಅದು?" ಎಂದು ಮಾವ ಕೇಳಿದರು.

"ಬೆಕ್ಕು. ಸೌದೆ ಕೋಣೆಯಲ್ಲಿ ಸಿಕ್ಕಿಬಿದ್ದಿದೆ."

ಅವರ ಬಾಯಿಂದ ನಾನು ಕೇಳಿದ ನೇರವಾದ ಸುಳ್ಳುಗಳಲ್ಲಿ ಬೆಲ್ಲದ್ದು ಒಂದು, ಇದು ಇನ್ನೊಂದು. ಗಾಡಿ ಖಾಲಿಯಾಗಿ ಹೋಯಿತು. ಗಂಟೆಯ ಸದ್ದು ಗುಡ್ಡ ಇಳಿದು ಹೋಗುವವರೆಗೂ ಚಿಲಕ ತೆಗೆಯಲಿಲ್ಲ. ತೆಗೆದ ಮೇಲೆ, "ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಹೂಡಿದ ಉಪಾಯ ಅದು. ಓದು" ಎಂದರು.

ಆದಿತ್ಯವಾರ ಅಪ್ಪ ಬಂದು ಅಜ್ಜಿ ತೀರಿಹೋದರೆಂದು ಹೇಳಿದರು. ನಾನು ಗಂಜಿಯ ಬಟ್ಟಲನ್ನು ದೊಡ್ಡಕ್ಕನ ಕಾಲ ಬುಡಕ್ಕೆ ಎಸೆದೆ. ಅವರು ಸೌಟು ಎತ್ತಲಿಲ್ಲ. ಕೂತು ನೆಲ ಒರೆಸಿದರು, ಇನ್ನೊಂದು ಬಟ್ಟಲು ಬಡಿಸಿ ಮುಂದಿಟ್ಟರು. "ಪರೀಕ್ಷೆ ಉಂಟು" ಎಂದರು. ಆ ಮೇಲೆ ಬೋರ್ಡಿಂಗು ಬಿಡುವವರೆಗೆ ನಾನು ಅವರೊಡನೆ ಒಂದು ಮಾತೂ ಆಡಲಿಲ್ಲ. ಸಿಟ್ಟಿನಲ್ಲೇ ಓದಿದೆ, ಸಿಟ್ಟಿನಲ್ಲೇ ಬರೆದೆ, ಪಾಸಾದೆ.

ಫಲಿತಾಂಶ ಬಂದ ವಾರ ಮಾವ ಮತ್ತೆ ಬಂದರು. ಈ ಸಲ ಜಗಲಿಗೆ ನಾನೇ ಹೋದೆ. ಅವರ ಮುಖ ಸೋತುಹೋಗಿತ್ತು. ಸೊಂಟದ ಗಂಟಿನಿಂದ ಅಜ್ಜಿಯ ಕಿವಿಯ ದಪ್ಪ ಬೆಂಡೋಲೆ ತೆಗೆದು ಕೊಟ್ಟರು. "ಇದು ಹೆಣ್ಣಿನಿಂದ ಹೆಣ್ಣಿಗೆ ಹೋಗುವಂಥದ್ದು. ನಿನಗೆ ಸೇರಬೇಕಾದ್ದು. ಇನ್ನು ಮನೆಗೆ ಬಾ ಮಗಾ." ಆ ಒಂದು ಮಾತಿಗೆ ನಾನು ಹೋಗಿಬಿಡುತ್ತಿದ್ದೆನೋ ಏನೋ. ಆದರೆ ಅವರಿಗೆ ಸುಳ್ಳು ಹೇಳಿ ಹೋಗುವ ಮನಸ್ಸಿರಲಿಲ್ಲ. ನೆಲ ನೋಡಿಕೊಂಡು, "ನಾನು ದೊಡ್ಡವಳಾಗಿ ಎರಡು ವರ್ಷ ಆಯ್ತು ಮಾವ" ಎಂದೆ.

ಅವರು ಕೂತಲ್ಲೇ ಕುಗ್ಗಿದರು. ಅವರ ಕಣ್ಣಲ್ಲಿ ಎಲ್ಲ ಲೆಕ್ಕ ಓಡುವುದು ಕಂಡಿತು. ನೀರು ಹಾಕದ, ಶುದ್ಧವಾಗದ ಹುಡುಗಿ. ಇದು ಹೊರಗೆ ಬಂದರೆ ಮನೆಗೇ ಮೈಲಿಗೆ, ಊರಿನ ಮುಂದೆ ತಲೆ ಎತ್ತುವಂತಿಲ್ಲ, ಮಗನಿಗೆ ತಂದುಕೊಳ್ಳುವಂತೆಯೂ ಇಲ್ಲ. ಯಾವ ಕಟ್ಟು ನನ್ನನ್ನು ಕರೆದೊಯ್ಯಲು ಬಂದಿತ್ತೋ ಅದೇ ಕಟ್ಟು ಅವರ ಕೈ ಕಟ್ಟಿತು. ಕೊಡೆ ಎತ್ತಿಕೊಂಡು ಎದ್ದರು. "ಇದನ್ನು ಯಾರತ್ರವೂ ಹೇಳ್ಬೇಡ. ನಿನ್ನಷ್ಟಕ್ಕೆ ಓದಿಕೊಂಡಿರು." ದೊಡ್ಡಕ್ಕ ಎರಡು ವರ್ಷದ ಹಿಂದೆ ಹೇಳಿದ್ದೂ ಅದನ್ನೇ.

ಒಂದು ಮಾತು ಮಾವನ ಪರವಾಗಿಯೂ ಹೇಳಬೇಕು. ನಾನು ಆ ಮನೆಯ ಹೆಣ್ಣಾದ್ದರಿಂದ ಗದ್ದೆಯಲ್ಲಿ ನನ್ನ ಪಾಲು ನನ್ನದೇ. ಪ್ರತಿ ಕೊಯ್ಲಿಗೂ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮುಡಿ ನಾನಿದ್ದಲ್ಲಿಗೆ ಬಂತು. ಟ್ರೈನಿಂಗಿನ ದಿನಗಳಲ್ಲಿ ಉಂಡದ್ದು ಆ ಅಕ್ಕಿಯನ್ನೇ. ಮಾವ ಮಾತ್ರ ತಾವಾಗಿ ಎಂದೂ ಬರಲಿಲ್ಲ. ಅವರ ನಂತರ ಆ ಮನೆಯಲ್ಲಿ ದೀಪ ಹಚ್ಚಲು ಯಾರೂ ಉಳಿಯಲಿಲ್ಲ.

ನಾನು ಟೀಚರ್ ಆಗಿ ಮಂಗಳೂರಿನಲ್ಲೇ ಇದ್ದೆ. ಗುಡ್ಡದ ಕೆಳಗೇ ನಡೆದುಹೋಗುತ್ತಿದ್ದೆ; ಮೇಲೆ ಹತ್ತುತ್ತಿರಲಿಲ್ಲ. ಹತ್ತಿದ್ದು ದೊಡ್ಡಕ್ಕನಿಗೆ ಹುಷಾರಿಲ್ಲವೆಂದು ತಿಳಿದ ಮೇಲೆ. ಯುದ್ಧದ ಕಾಲ, ಅಕ್ಕಿಗೆ ತತ್ವಾರ. ಸ್ವಲ್ಪ ಅಕ್ಕಿ ಕಟ್ಟಿಕೊಂಡು ಹೋದೆ. ಅಡುಗೆಮನೆಗೆ ಹೊಸಬರು ಬಂದಿದ್ದರು. ಇವರಿಗೆ ಇರಲಿಕ್ಕೆ ಕೊಟ್ಟದ್ದು ಅದೇ ಸೌದೆ ಕೋಣೆ. ಚಾಪೆಯ ಮೇಲೆ ಒಣಗಿದ ಸೌದೆಯ ಹಾಗೇ ಮಲಗಿದ್ದರು. ಕಿವಿಯಲ್ಲಿ ಕಡ್ಡಿ ಇತ್ತು.

ಕೈ ಚಾಚಿ ನನ್ನ ಕಿವಿ ಮುಟ್ಟಿದರು. "ಅಜ್ಜಿಯದ್ದಾ? ಭಾರ ಉಂಟಾ?"

"ಉಂಟು."

ನಾನು ಕೇಳಬೇಕೆಂದು ವರ್ಷಗಟ್ಟಲೆ ಇಟ್ಟುಕೊಂಡಿದ್ದ ಪ್ರಶ್ನೆ ಹೊರಗೆ ಬಂತು. "ದೊಡ್ಡಕ್ಕ, ಆ ದಿನ ಮಾವ ಹೇಳಿದ್ದು ಸುಳ್ಳು ಅಂತಲೇ ಎಣಿಸಿದ್ರಾ ನೀವು?"

ಹೌದು ಎನ್ನಲು ಅವರಿಗೆ ಏನೂ ಕಷ್ಟವಿರಲಿಲ್ಲ. ಹಾಗೆಂದಿದ್ದರೆ ನಾನೂ ನಂಬಿ, ಅತ್ತು, ಹಗುರಾಗಿ ಗುಡ್ಡ ಇಳಿಯುತ್ತಿದ್ದೆ.

"ನಿಜ ಅಂತ ಗೊತ್ತಿತ್ತು" ಎಂದರು. "ನಿನ್ನ ಮಾವ ನನ್ನನ್ನು ಅಕ್ಕ ಅಂತ ಕರೆದ್ರಲ್ಲ, ಆಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಕಳಿಸ್ಲಿಲ್ಲ?"

"ಅಜ್ಜಿಯನ್ನು ನೋಡ್ಲಿಕ್ಕೆ ನೆಂಟರ ಹೆಂಗಸರೆಲ್ಲ ತುಂಬಿದ ಮನೆ. ನೀನು ಹೋಗಿದ್ರೆ ಗೊತ್ತಾಗ್ತಿತ್ತು. ಹಿಂದೆ ಬರ್ತಿರ್ಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಅಜ್ಜಿ ಹೇಗೂ ಹೋಗುವವರು. ದೇವಕಿಯ ಬೆರಳು ಬಿಡಿಸಿದ್ದು ಈ ಕೈಯೇ ಅಲ್ವಾ. ನಿನಗೆ ನನ್ನ ಮೇಲೆ ಸಿಟ್ಟು ಉಂಟು, ಗೊತ್ತುಂಟು ನನಗೆ. ಇರ್ಲಿ. ಸಿಟ್ಟು ಮಾಡ್ಬೇಕಾದ್ರೂ ನೀನು ಈ ಗೋಡೆಯಿಂದ ಹೊರಗೆ ಇರ್ಬೇಕಲ್ಲ ಮಾರಾಯ್ತಿ. ಒಳಗೆ ಇದ್ದವರಿಗೆ ಅದೂ ಇಲ್ಲ."

ಗಂಜಿ ಮಾಡಿ ಕುಡಿಸಿದೆ, ಪಾತ್ರೆ ತೊಳೆದಿಟ್ಟೆ. ಹೊರಡುವಾಗ, ಬೆಂಗ್ರೆಗೆ ಹೋಗುವ ದೋಣಿ ಇನ್ನೂ ಉಂಟಾ ಎಂದು ಕೇಳಿದರು. ಉಂಟು, ಹುಷಾರಾದ ಮೇಲೆ ಒಮ್ಮೆ ಕರೆದುಕೊಂಡು ಹೋಗುತ್ತೇನೆ ಎಂದೆ. ನಕ್ಕರು. ಆ ವಾರವೇ ತೀರಿಕೊಂಡರು. ಮಿಶನ್ನಿನ ಸ್ಮಶಾನ ಆ ಗೋಡೆಯ ಒಳಬದಿಗೆ ಒತ್ತಿಕೊಂಡೇ ಇದೆ. ಅಲ್ಲಿಗೆ ಕೊಂಡೊಯ್ಯಲು ಗೇಟು ದಾಟುವ ಅಗತ್ಯವೂ ಬೀಳಲಿಲ್ಲ.

ಸತ್ತವರ ಬಗ್ಗೆ ಸಿಟ್ಟು ಇಟ್ಟುಕೊಳ್ಳಬಾರದೆಂದು ನನ್ನ ಜೊತೆಯ ಟೀಚರುಗಳು ಹೇಳುತ್ತಾರೆ. ಈ ಹಳೇ ಕಾಲದ ಬೆಂಡೋಲೆ ತೆಗೆದು ಚಿಕ್ಕದೇನಾದರೂ ಹಾಕಿಕೊಳ್ಳಿ ಎಂದೂ ಹೇಳುತ್ತಾರೆ. ಎರಡೂ ನನ್ನಿಂದಾಗಿಲ್ಲ. ಅಜ್ಜಿಯನ್ನು ಕೊನೆಯದಾಗಿ ನೋಡಲು ಬಿಡದವರು ದೊಡ್ಡಕ್ಕ. ಅಜ್ಜಿಯ ಬೆಂಡೋಲೆ ನನ್ನ ಕೈಗೆ ಬಂದ ದಿನ ಅದು ಒಂದಿಷ್ಟೂ ನೋಯದೆ ಕಿವಿಯೊಳಗೆ ಹೋಯಿತು. ತೂತು ಮುಚ್ಚದಂತೆ ಅಷ್ಟು ವರ್ಷ ಕಡ್ಡಿ ತುರುಕುತ್ತಾ ಬಂದವರೂ ಅವರೇ.